ಪುಟ್ಟಸ್ವಾಮಿಯ ನಿಜವಾದ ಹೆಸರು

ಕೆಲವರ ಬೆನ್ನಿಗೆ ಶನಿ ಬೀಳುತ್ತದಂತೆ. ನನ್ನ ಬೆನ್ನಿಗೆ ಬೀಳುವುದು ಇಂಥ ಪ್ರಸಂಗಗಳು. ಸುಮ್ಮನೆ ಕಿಟಕಿ ನೋಡುತ್ತ ನಿಂತರೂ ಸಾಕು, ಒಂದು ಹುಟ್ಟಿಕೊಳ್ಳುತ್ತದೆ.

ಹಾಸನದಲ್ಲಿ ನಾವು ಹೊಸದಾಗಿ ಬಾಡಿಗೆಗೆ ಬಂದ ಮಹಡಿ ಮನೆಯ ಅಡುಗೆಮನೆ ಕಿಟಕಿಯಲ್ಲಿ ಹಿಂದಿನವರು ಒಂದು ಕುಂಡ ಬಿಟ್ಟುಹೋಗಿದ್ದರು. ಕೆಂಪು ಕಾಂಡ, ಕಿರುಬೆರಳ ಉಗುರಿನಷ್ಟು ದುಂಡನೆಯ ಎಲೆ. ಒಳಗೆ ನೀರು ತುಂಬಿಕೊಂಡು ಒಂದೊಂದೂ ಉಬ್ಬಿಕೊಂಡಿತ್ತು. ಇಳಿಬಿಸಿಲು ಹಿಂದಿನಿಂದ ಬಿದ್ದರೆ ಗಿಡದ ತುಂಬ ಹಸಿರು ದೀಪ ಹಚ್ಚಿಟ್ಟಂತೆ. ನೋಡುತ್ತ ನಿಂತು ನಾನು ಎಷ್ಟೋ ಸಲ ಹಾಲು ಉಕ್ಕಿಸಿದ್ದೇನೆ. ಆದರೆ ಎಲೆ ಉದುರತೊಡಗಿದವು. ನೀರು ಹೆಚ್ಚಾಯಿತೋ, ಕಮ್ಮಿಯಾಯಿತೋ? ಯಾವ ಗಿಡ ಅಂತ ಗೊತ್ತಾದರೆ ತಾನೇ ಉಳಿಸಿಕೊಳ್ಳುವುದು?

ಹಿಂದಿನವರು

ಕೆಳಗಡೆ ಬಟ್ಟೆ ಒಗೆಯುತ್ತಿದ್ದ ಓನರ್ ಆಂಟಿಯನ್ನು ಮೇಲಿನಿಂದಲೇ ಕೇಳಿದೆ. "ಆಂಟೀ, ಬಿಟ್ಟೋಗಿದಾರಲ್ಲ, ಹೆಸರೇನು?"

"ಪುಟ್ಟಸ್ವಾಮಿ!"

ಆಹಾ, ಎಂಥ ಹೆಸರು! ಯಾವುದೋ ಬೆಟ್ಟದ ತಪ್ಪಲಲ್ಲಿ ಯಾರೋ ಸಾಧು ಈ ಗಿಡ ನೆಟ್ಟಿರಬೇಕು, ಅದಕ್ಕೇ ಈ ಹೆಸರು ಅಂದುಕೊಂಡೆ. ಆ ಸಾಧುವಿನ ಗಡ್ಡ ಕೂಡ ಕಣ್ಣಿಗೆ ಕಟ್ಟಿತು.

ಎರಡು ದಿನ ಬಿಟ್ಟು ಆಂಟಿ ಮೆಟ್ಟಿಲ ಹತ್ತಿರ ಸಿಕ್ಕರು. "ಪುಟ್ಟಸ್ವಾಮಿಗೆ ಒಂದು ಪಾರ್ಸೆಲ್ ಬಂದದೆ ಕಣಮ್ಮ. ಈಗ ಎಲ್ಲವ್ರೋ ಏನೋ."

"ಎಲ್ಲಿರ್ತಾರೆ ಆಂಟಿ, ನಮ್ಮ ಅಡುಗೆಮನೇಲೇ ಇದಾರೆ. ದಿನಾ ಒಂದು ಲೋಟ ನೀರು ಹಾಕ್ತೀನಿ."

ಆಂಟಿ ಪಾರ್ಸೆಲ್ಲನ್ನು ಎದೆಗೆ ಅವುಚಿಕೊಂಡು ಎರಡು ಮೆಟ್ಟಿಲು ಕೆಳಗಿಳಿದರು. "ನಿಮ್ಮನೆಯವ್ರಿಗೆ ಗೊತ್ತೇನವ್ವಾ?"

ಆಮೇಲೆ ಆ ಪುಟ್ಟಸ್ವಾಮಿಯವರಿಗೇ ಫೋನು ಮಾಡಿಸಿ ಕೇಳಿದೆವು. "ಆ ಗಿಡವಾ? ನಾವು ಬರೋಕ್ ಮುಂಚೆನೇ ಅಲ್ಲಿತ್ತಲ್ಲ," ಅಂದರು. ಗಿಡಕ್ಕೆ ಮಾತ್ರ ಪುಟ್ಟಸ್ವಾಮಿ ಎಂಬ ಹೆಸರೇ ಅಂಟಿಕೊಂಡಿತು.

ಮೊಬೈಲು ಹೇಳಿದ್ದು

ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್ ಒಂದನ್ನು ನಮ್ಮನೆಯವರು ಹಾಕಿಕೊಟ್ಟರು. ಬೆಳಗ್ಗೆ ತೆಗೆದರೆ ಜೇಡ್ ಗಿಡ ಅಂದಿತು. ಮಧ್ಯಾಹ್ನ ಬಸಳೆಯ ನೆಂಟ ಅಂದಿತು. ಬಿಸಿಲಿಗೆ ಹೀಗೆ ಮನಸ್ಸು ಬದಲಾಯಿಸುವುದು ನನಗೂ ಇರುವ ಗುಣ, ಅದಕ್ಕೆ ಬೇಜಾರಾಗಲಿಲ್ಲ. ಸಂಜೆ ಭಾನುವಾರದ ನಿದ್ದೆ ಮುಗಿಸಿ ನಮ್ಮನೆಯವರು ಕಿಟಕಿ ಪಕ್ಕ ಕೂತಿದ್ದಾಗ ಇನ್ನೊಂದು ತೆಗೆದು ಗಟ್ಟಿಯಾಗಿ ಓದಿದೆ.

"ಬೆಳವಣಿಗೆ ಬಹಳ ನಿಧಾನ. ಆರೈಕೆ ಬೇಕಿಲ್ಲ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಇರಬಲ್ಲದು."

ಅವರು ಆಕಳಿಸುತ್ತ ಹೇಳಿದರು: "ಸರಿಯಾಗಿ ಹಿಡಿಯೇ. ನನ್ನ ಫೋಟೋ ಬಂದ್ಬುಟ್ಟದೆ."

ಬಸ್ಸಿನಲ್ಲಿ

ನನ್ನ ಆಫೀಸು ಚನ್ನರಾಯಪಟ್ಟಣದಲ್ಲಿ. ಅಲ್ಲಿ ಹೈವೇ ಪಕ್ಕ ಒಂದು ನರ್ಸರಿ ಇದೆ. ಒಂದು ರೆಂಬೆ ಮುರಿದು, ಒದ್ದೆ ಬಟ್ಟೆ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

"ಏನ್ ಸೊಪ್ಪವ್ವಾ ಅದು?" ಪಕ್ಕದ ಸೀಟಿನ ಅಜ್ಜಿ ಕೇಳಿದರು.

"ಗೊತ್ತಿಲ್ಲ ಅಜ್ಜೀ."

"ಗೊತ್ತಿಲ್ದೇನೇ ಇಷ್ಟು ಜ್ವಾಪಾನವಾಗಿ ತಕ್ಕೊಂಡ್ ಓಯ್ತಿದ್ದೀಯಾ? ಮಂಡಿ ನೋವಿಗೇ ಇರ್ಬೇಕು." ಎರಡು ಎಲೆ ಕಿತ್ತು ಸೆರಗಿಗೆ ಕಟ್ಟಿಕೊಂಡರು.

ನಾನು ಎಂದಿನಂತೆ ಹೊರಗೆ ನೋಡುತ್ತ ಕಳೆದುಹೋದೆ. ಮಂಜು, ತೆಂಗಿನ ಸಾಲು, ಮಂಜಿನೊಳಗಿಂದ ನಿಧಾನಕ್ಕೆ ಮೇಲೇಳುವ ಕೆರೆ. ಹಿಂದೆ "ಮಂಡಿಗಂತೆ", "ಸಕ್ಕರೆ ಕಾಯಿಲೆಗೂ ಆಯ್ತದಂತೆ" ಅಂತ ದನಿಗಳು ಕನಸಿನಲ್ಲಿ ಕೇಳಿದ ಹಾಗೆ ಕೇಳುತ್ತಿದ್ದವು. ಕೊನೆಗೆ ಕಂಡಕ್ಟರೂ ಬಂದು, "ಅಕ್ಕಾ, ನಮ್ಮವ್ವಂಗೂ ಒಂದೆರಡು," ಅಂದ. ನಾನು ತಲೆಯಾಡಿಸಿದೆ.

ನರ್ಸರಿಯಲ್ಲಿ ಒದ್ದೆ ಬಟ್ಟೆಯನ್ನು ಭಕ್ತಿಯಿಂದ ಬಿಚ್ಚಿದೆ. "ಇದು ಏನೂಂತ ಹೇಳ್ತೀರಾ?"

ನರ್ಸರಿಯವನು ತಿರುಗಿಸಿ ಮುರುಗಿಸಿ ನೋಡಿದ. "ಕಡ್ಡಿ ಕಣಕ್ಕಾ."

ಅತ್ತೆಯ ಸಾರು

ಅಷ್ಟರಲ್ಲಿ ಅರಕಲಗೂಡು ಕಡೆಯ ಹಳ್ಳಿಯಿಂದ ನಮ್ಮತ್ತೆ ಬಂದರು. ಒಂದು ಬೆಳಗ್ಗೆ ಅವರು ಮಾಡಿದ ಸೊಪ್ಪಿನ ಸಾರು ಎಷ್ಟು ರುಚಿಯಾಗಿತ್ತೆಂದರೆ, ನಾನೂ ನಮ್ಮನೆಯವರೂ ಮುದ್ದೆ ಮೇಲೆ ಮುದ್ದೆ ಉಂಡೆವು.

"ಹುಳಿ ಹದವಾಗಿದೆ ಅತ್ತೆ."

"ಉಣಸೇಹಣ್ಣೇ ಆಕಿಲ್ಲ ಕಣವ್ವಾ. ಕಿಟಕೀಲಿತ್ತಲ್ಲ, ಆ ಸೊಪ್ಪೇ ಉಳಿ."

ತಿರುಗಿ ನೋಡಿದರೆ ಪುಟ್ಟಸ್ವಾಮಿ ಅರ್ಧ ಬೋಳು. ಇಂಥ ಗಿಡಗಳಲ್ಲಿ ವಿಷದವೂ ಇವೆ ಅಂತ ಎಲ್ಲೋ ಓದಿದ್ದೆ. ನಮ್ಮನೆಯವರು ಆಗಲೇ ಹೊಟ್ಟೆ ಹಿಡಿದುಕೊಂಡು, ನೋವು ಬರುತ್ತದೋ ಅಂತ ಕಾಯುತ್ತ ಕೂತರು. ಹೊಳೆನರಸೀಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ನನ್ನ ಗೆಳತಿಗೆ ತಕ್ಷಣ ಫೋಟೋ ಕಳಿಸಿ, ಫೋನು ಮಾಡಿದೆ.

"ಕಾಂಡ ಕೆಂಪಾ? ಎಲೆ ಹುಳಿ ಇತ್ತಾ? ಬೆಳಗ್ಗೆ ಕಿತ್ತಿದ್ದಾ?" ಒಂದಾದ ಮೇಲೊಂದು ಕೇಳಿದಳು. ಮೂರಕ್ಕೂ ಹೌದು ಅಂದೆ. ಅವಳು ಜೋರಾಗಿ ನಕ್ಕಳು.

"ಜೇಡ್ ಅಲ್ಲ ಕಣೇ ಅದು, ಪೋರ್ಚುಲಕೇರಿಯಾ. ಬೆಳಗ್ಗೆ ಕಿತ್ರೆ ಎಲೆ ಹುಳಿ ಇರ್ತದೆ, ಸಂಜೆಗೆ ಸಪ್ಪೆ. ತಿಂದ್ರೆ ಏನೂ ಆಗಲ್ಲ. ನೀರು ಮಾತ್ರ ಕಮ್ಮಿ ಹಾಕು, ಅದಕ್ಕೇ ಉದುರ್ತಿರೋದು. ಆಫ್ರಿಕಾದಲ್ಲಿ ಆನೆಗಳಿಗೆ ಇದು ಅಂದ್ರೆ ಪ್ರಾಣ!"

ಸ್ಪೀಕರಿನಲ್ಲಿತ್ತು. ನಾನು ಗೋಡೆಗೊರಗಿ ಉಸಿರು ಬಿಟ್ಟೆ. ನಮ್ಮನೆಯವರು ಹೊಟ್ಟೆ ಬಿಟ್ಟು ಇನ್ನೊಂದು ಸೌಟು ಸಾರು ಬಡಿಸಿಕೊಂಡರು. ಆದರೆ ಅತ್ತೆ ಓಡಿಹೋಗಿ ಕಿಟಕಿ ಬಾಗಿಲನ್ನು ದಡಾರನೆ ಮುಚ್ಚಿ, ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತರು. ಅವರೂರಿನ ಕಡೆ ಆನೆಯೆಂದರೆ ಸರ್ಕಸ್ಸಲ್ಲ. ಜೋಳದ ಹೊಲಕ್ಕೆ ಕರೆಯದೇ ಬರುವ ನೆಂಟ.

"ಅಲ್ಲಾ ಕಣವ್ವಾ, ಅದು ಬರದಂಗೆ ಮಾಡಕ್ಕೆ ನಾವಲ್ಲಿ ಪಟಾಕಿ ಒಡ್ಕೊಂಡು ಸಾಯ್ತಿದ್ರೆ, ನೀನಿಲ್ಲಿ ಎಲೆ ಬಡಿಸಿ ಕಾಯ್ತಾ ಇದ್ದೀಯಲ್ಲಾ!"

"ಅವ್ವಾ," ನಮ್ಮನೆಯವರು ಸಮಾಧಾನ ಮಾಡಿದರು, "ಇದು ಹಾಸನ. ಅದೂ ಅಲ್ದೆ ನಾವಿರೋದು ಮಹಡಿ ಮೇಲೆ."

ಅತ್ತೆ ಕಿಟಕಿಯಿಂದ ಒಂದಿಂಚೂ ಕದಲಲಿಲ್ಲ.

"ಸೊಂಡ್ಲು ಮತ್ಯಾಕ್ಲಾ ಕೊಟ್ಟವ್ನೆ ದೇವ್ರು?"