ಚರ್ಚಿಗೆ ಹೋದ ಹಾರ್ಮೋನಿಯಂ

ಭಜನೆಯವ ಚರ್ಚಿನಲ್ಲಿ ಹಾರ್ಮೋನಿಯಂ ಹಿಡಿದು ಕೂತರೆ ಹಬ್ಬಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾನು ಕೊಟ್ಟೂರಿನವ, ಲಿಂಗ ಕಟ್ಟಿಕೊಂಡವ. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಸಣ್ಣ ಚರ್ಚಿನ ಫಾದರ್ ಹುಡುಕಿಕೊಂಡು ಬಂದಾಗ, ನಿಮ್ಮ ಹಾಡು ನನಗೆಲ್ಲಿ ಬರಬೇಕು ಅಂದೆ. ಅವರು ಮಂಗಳೂರಿನ ಕಡೆಯವರು, ಪುಸ್ತಕದಂಥ ಮಾತು. ಮೊದಲು ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲೇ ಇತ್ತಂತೆ. ಆಮೇಲೆ ರೋಮಿನಲ್ಲಿ ಹಿರಿಯರ ಸಭೆ ಕೂಡಿ, ಜನ ತಮ್ಮ ಭಾಷೆಯಲ್ಲಿ, ತಮ್ಮ ವಾದ್ಯ ಹಿಡಿದು ಹಾಡಲಿ ಅಂತ ಒಪ್ಪಿಕೊಂಡರಂತೆ.

"ರೋಮೇ ಒಪ್ಪಿದೆ, ಕೊಟ್ಟೂರು ಒಪ್ಪಬಾರದೇ?" ಅಂದರು. ಒಪ್ಪಿದೆ.

ಏರಿದ ಲಯ

ಮೊದಲ ಭಾನುವಾರ. ಹಾಡು ಶುರುವಾದೊಡನೆ ಫಾದರ್ ಬಾಗಿಲಿನಿಂದ ಪೀಠದವರೆಗೆ ಮೆಲ್ಲಗೆ ನಡೆದು ಬರಬೇಕು. ನನ್ನ ಜೊತೆ ಬಂದಿದ್ದ ತಬಲದವನಿಗೆ ಭಜನೆಯ ಚಾಳಿ. ಎರಡನೇ ನುಡಿಗೇ ಲಯ ಏರಿಸಿದ. ನಾನೂ ಬಿಡಲಿಲ್ಲ. ಜನ ಚಪ್ಪಾಳೆಗೆ ಇಳಿದರು. ಮುಂದೆ ಮೇಣದಬತ್ತಿ ಹಿಡಿದಿದ್ದ ಹಿರಿಯರು ದಾಪುಗಾಲು ಹಾಕಿದರು. ಹಿಂದೆ ಫಾದರ್ ನಿಲುವಂಗಿ ಎತ್ತಿಕೊಂಡು ಹೆಚ್ಚುಕಡಿಮೆ ಓಡಿದರು.

ಪೂಜೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಶಾಂತವಾಗಿ ಕೇಳಿದರು: "ಮೇಷ್ಟ್ರೇ, ನಾನು ಬಂದದ್ದು ಪೂಜೆಗೋ, ಹೊಸಪೇಟೆ ಬಸ್ಸು ಹಿಡಿಯಲಿಕ್ಕೋ?"

ಸೋಬಾನೆ

ಊರಿನ ಧಾಟಿ ಇರಲಿ ಅಂತ ಫಾದರೇ ಹೇಳಿದ್ದರಿಂದ ಈಸ್ಟರ್ ಹಾಡನ್ನು ಸೋಬಾನೆ ಧಾಟಿಗೆ ಕೂಡಿಸಿದೆ. ಹೊರಗೆ ಮೈಕು ಬೇರೆ ಕಟ್ಟಿದ್ದರು. ಪೂಜೆ ಮುಗಿದು ನೋಡಿದರೆ, ಓಣಿಯ ಹೆಂಗಸರು ಇಳಕಲ್ ಸೀರೆ ಉಟ್ಟು ಅಂಗಳದಲ್ಲಿ ಕೂತಿದ್ದಾರೆ. ಮದುವೆ ಅಂದುಕೊಂಡು ಬಂದವರು. ಅಷ್ಟರಲ್ಲಿ ಫಾದರ್ ಜರಿ ಅಂಚಿನ ಬಿಳಿ ನಿಲುವಂಗಿಯಲ್ಲಿ ಹೊರಗೆ ಬಂದರು. ಒಬ್ಬ ಮುದುಕಿ ಅವರ ನರೆಗೂದಲನ್ನೂ ಅಂಗಿಯನ್ನೂ ನೋಡಿ ಸಮಾಧಾನ ಹೇಳಿದಳು:

"ತಡಾ ಆದ್ರೂ ಚಲೋ ಆತು ಬಿಡ್ರಿ. ಹುಡುಗಿ ಯಾವೂರಾಕಿ?"

ಹಳೇ ಲ್ಯಾಟಿನ್

ಒಮ್ಮೆ ದೊಡ್ಡ ಪಾದ್ರಿಯೊಬ್ಬರು ಅತಿಥಿಯಾಗಿ ಬರುವವರಿದ್ದರು. ಹಳೇ ಲ್ಯಾಟಿನ್ ಅಂದರೆ ಅವರಿಗೆ ಪ್ರಾಣ. ಅವರು "ದೋಮಿನುಸ್ ವೋಬಿಸ್ಕುಂ", ದೇವರು ನಿಮ್ಮೊಡನಿರಲಿ, ಅಂತ ಹಾಡಿದಾಗ ನಾವು "ಎತ್ ಕುಂ ಸ್ಪಿರಿತು ತೂವೊ", ನಿಮ್ಮೊಡನೆಯೂ ಇರಲಿ, ಅನ್ನಬೇಕು. ವಾರವಿಡೀ ಕಲಿಸಿದರೂ ಯಾರಿಗೂ ನಾಲಿಗೆ ಹೊರಳಲಿಲ್ಲ.

ಆ ದಿನ ಅತಿಥಿಗಳು ರಾಗವಾಗಿ ಹಾಡಿ ಕಾದರು. ಎಲ್ಲರ ಬಾಯೂ ಕಟ್ಟಿತು. ಫಾದರ್ ಬೆವೆತರು. ಆಗ ಹಿಂದಿನ ಸಾಲಿನಿಂದ "ಎತ್ ಕುಂ..." ಅಂತ ಒಬ್ಬ ಅಜ್ಜಿಯ ದನಿ ಗಂಟೆಯಂತೆ ಎದ್ದಿತು. ಚಿಕ್ಕಂದಿನಲ್ಲಿ ಲ್ಯಾಟಿನ್ ಪೂಜೆ ಕೇಳಿ ಬೆಳೆದವಳು ಆಕೆ. ಅತಿಥಿಗಳ ಕಣ್ಣು ತುಂಬಿತು. ಪೂಜೆ ಆದ ಮೇಲೆ ಅವಳ ಕೈ ಹಿಡಿದು, ಅರ್ಥ ಗೊತ್ತೇ ಅಜ್ಜಿ ಅಂತ ಕೇಳಿದರು.

"ಗೊತ್ತಿಲ್ದ ಏನ್ರಿ. ಆಗಿನ ಸ್ವಾಮಿಗಳು ಪ್ರತಿ ವಾರ ಮನಿ ಕಡಿ ವಿಚಾರಸ್ತಿದ್ರು. ನಾವು, ಎತ್ತು ಕುಂತೈತ್ರಿ, ಅಂತಿದ್ವಿ. ಪೂಜಿ ಕನ್ನಡಕ್ಕ ಬಂದಮ್ಯಾಲೆ ಎತ್ತಿನ ಸುದ್ದಿ ಒಬ್ರೂ ಕೇಳಲಿಲ್ಲ."

ಆಮೇಲೆ ಪಾಪನಿವೇದನೆ ಮಾಡುವವಳ ಹಾಗೆ ದನಿ ತಗ್ಗಿಸಿದಳು.

"ಇವತ್ತು ಅಂದಿದ್ದು ಸುಳ್ಳಾತ್ರಿ ಸ್ವಾಮಿ. ಎತ್ತು ಮಾರಿ ಟ್ರ್ಯಾಕ್ಟರ್ ತಗೊಂಡೀವಿ."