ಬೆಕ್ಕಿನ ಮರಿಯ ಉಸಿರಿನ ಅಳತೆ

ಬೆಕ್ಕಿನ ಮರಿಗಳ ಶ್ವಾಸನಾಳ ಅಳೀತೀನಿ ಅಂದರೆ ಬೆಳಗಾವಿಯ ಜನ ಮೊದಲು ನಗುತ್ತಾರೆ, ಆಮೇಲೆ ಮರಿ ತರುತ್ತಾರೆ. ಮರಿ ಬಂದ ಮೇಲೆ ನಗುವ ಸರದಿ ನನ್ನದು.

ನಾನು ಪ್ರಾಣಿಗಳ ಡಾಕ್ಟರು. ಆಪರೇಷನ್ ಹೊತ್ತಿಗೆ ಮರಿಯ ಗಂಟಲಲ್ಲಿ ಉಸಿರಿನ ನಳಿಗೆ ಇಳಿಸಬೇಕು. ದಪ್ಪದ್ದಾದರೆ ಗಾಯ, ಸಣ್ಣದಾದರೆ ಗಾಳಿ ಸೋರಿಕೆ. ಯಾವ ವಯಸ್ಸಿಗೆ ಶ್ವಾಸನಾಳ ಎಷ್ಟು ಅಗಲ ಎಂದು ತಿಳಿಯಲು ಬಾಗಿಲಿಗೆ ಬೋರ್ಡು ಹಾಕಿದೆ: "ಆರಾಮಿರೋ ಮರಿ ತರ್ರಿ, ಎಕ್ಸ್‌ರೇ ಪುಕಟ."

ಪುಕಟ

ಕಾಕತಿಯ ಅಜ್ಜಿಯೊಬ್ಬರು ಬುಟ್ಟಿಯಲ್ಲಿ ಮರಿ ತಂದರು. ಅದರ ಎಕ್ಸ್‌ರೇ ಮುಗಿದರೂ ಏಳಲೊಲ್ಲರು. ಮೆಲ್ಲಗೆ ಮೊಣಕಾಲನ್ನು ಮೇಜಿನ ಕಡೆ ಚಾಚಿದರು.

"ಇದರದೂ ಒಂದ ತಗಿಯವ್ವಾ, ರಗಡ ನೋಯಾಕತ್ತೈತಿ."

"ಅಜ್ಜೀ, ಇದು ದನದ ದವಾಖಾನಿ ರೀ. ಮನಷ್ಯಾರದು ತಗಿಯಾಕ ಬರೂದಿಲ್ಲ."

"ಅದಕ್ಕೇನಾತು? ಲಗ್ನ ಆದಾಗಿಂದ ನಮ್ಮ ಯಜಮಾನರು ನನಗ ಎಮ್ಮಿ ಅಂತನ ಕರೀತಾರ. ಬೇಕಾದ್ರ ಫೋನ್ ಹಚ್ಚಿ ಕೇಳ!"

ಹಿಡೀರಿ, ಬಿಡ್ರಿ

ಮದುವೆಗಳಲ್ಲಿ ಸನಾದಿ ಊದುವವರೊಬ್ಬರು ಮರಿ ತಂದರು. ಅದು ಮಿಸುಕಾಡಿದರೆ ಚಿತ್ರ ಮಸುಕಾಗುತ್ತದೆ. ಅವರಿಗೆ ಸೀಸದ ಏಪ್ರನ್ ತೊಡಿಸಿ, ಮರಿಯನ್ನು ಕೈಗೆ ಕೊಟ್ಟು, "ಗಟ್ಟಿ ಹಿಡೀರಿ" ಅಂದೆ.

ಚಿತ್ರ ಚಂದ ಬಂತು. ಕಂಪ್ಯೂಟರಿನಲ್ಲಿ ಶ್ವಾಸನಾಳದ ಅಗಲ ನೋಡಿ ಖುಷಿಯಿಂದ ತಿರುಗಿದರೆ, ಅವರ ಮುಖ ಟೊಮೆಟೊ, ಕೆನ್ನೆ ಉಬ್ಬಿದೆ, ಕಣ್ಣು ಹೊರಬಂದಿವೆ. ಪಾಪ, ಉಸಿರು ಹಿಡಿಯಲು ಹೇಳಿದೆ ಎಂದುಕೊಂಡಿದ್ದರು!

"ಬಿಡ್ರೀ! ಲಗೂನ ಬಿಡ್ರೀ!" ಎಂದು ಚೀರಿದೆ.

ಅವರು ಮರಿ ಬಿಟ್ಟರು.

ಅದು ಪರದೆ ಹತ್ತಿ ಕಪಾಟಿನ ಮೇಲೆ ಹೋಗಿ ಕೂತಿತು. ಅವರು ಉಸಿರು ಮಾತ್ರ ಇನ್ನೂ ಹಿಡಿದೇ ಇದ್ದರು.

ಗೊರಕಿ

ಬೆಳಗಾವಿಯ ಬಟ್ಟೆ ಅಂಗಡಿಯವನೊಬ್ಬನ ಹೆಂಡತಿ, ರಾತ್ರಿಯ ಗೊರಕೆ ತಾಳಲಾರದೆ ಖಾನಾಪುರದ ತವರು ಸೇರಿದ್ದಳು. ಗೊರಕೆ ತನ್ನದಲ್ಲ, ಬಾಜೂಕ, ಅಂದರೆ ಪಕ್ಕದಲ್ಲೇ, ಮಲಗುವ ಮರಿಯದು ಎಂಬುದು ಗಂಡನ ವಾದ. ಅದನ್ನು ಸಾಬೀತು ಮಾಡಲು ಮರಿ ತಂದ. ತೀರ್ಪು ಕೇಳಲು ಹೆಂಡತಿಯೂ ಬಸ್ಸು ಹತ್ತಿ ಬಂದಳು.

"ಇದರ ನಳಿಗಿ ಸಣ್ಣ ಇರಬೇಕ್ರಿ, ಅದಕ್ಕ ಸಪ್ಪಳಾ ಮಾಡತೈತಿ," ಎಂದು ಕೈಮುಗಿದ. "ನನ್ನ ಸಂಸಾರ ನಿಮ್ಮ ಕೈಯಾಗ ಐತಿ."

"ಖರೇ ಇದ್ರ ಇವತ್ತ ಮನಿಗಿ ಬರ್ತೀನಿ," ಅಂದಳು ಆಕೆ. "ಸುಳ್ಳಿದ್ರ ನನ್ನ ದಾರಿ ನೋಡಬ್ಯಾಡ್ರಿ."

ಮರಿಯನ್ನು ಒಳಗೊಯ್ದು ಬಾಗಿಲು ಹಾಕಿ ಅಳೆದೆ. ಶ್ವಾಸನಾಳ ಎಲ್ಲೂ ಕಿರಿದಾಗಿರಲಿಲ್ಲ. ಹೇಳಿದರೆ ಒಂದು ಮನೆ ಮುರಿದೀತಲ್ಲ ಎಂದು ಇನ್ನೊಮ್ಮೆ ಅಳೆದೆ. ಅಷ್ಟರಲ್ಲಿ ಹೊರಗೆ ಲಾರಿ ಘಾಟ್ ಹತ್ತುವಂಥ ಸದ್ದು! ಮರಿಯನ್ನು ಒಳಗೇ ಪಂಜರದಲ್ಲಿಟ್ಟು ಬಾಗಿಲು ತೆರೆದೆ.

ಗಂಡ ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದಾನೆ. ಚಿಕಿತ್ಸೆಗೆ ಬಂದ ನಾಯಿಗಳೆಲ್ಲ ಅವನ ಕಡೆ ತಿರುಗಿ ಬೊಗಳುತ್ತಿವೆ. ಕೊನೆಯದೊಂದು ಗೊರಕೆ ಎಷ್ಟು ಜೋರಾಗಿತ್ತೆಂದರೆ ಅವನೇ ಬೆಚ್ಚಿ ಎದ್ದು ನಿಂತ.

"ಕೇಳಿದಿಲ್ಲೋ?" ಹೆಂಡತಿಯತ್ತ ಬೆರಳು ಮಾಡಿ ಕುಣಿದ. "ಬಾಗಲಾ ಹಾಕಿದ್ರೂ ಎಷ್ಟ ಜೋರ ಕೇಳ್ತು ನೋಡ ಮರೀ ಗೊರಕಿ!"

"ಅಯ್ಯ ನಮ್ಮವ್ವಾ!" ಎಂದು ಆಕೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ಡಾಕ್ಟರ, ಇವರು ಸುಳ್ಳ ಹೇಳಿಲ್ರಿ, ಪಾಪ. ಖರೇನ ಹಂಗ ತಿಳದಾರ. ನಡೀರಿ, ಮನಿಗಿ ಹೋಗೂಣು. ಇವತ್ತಿಂದ ಮರಿ ನನ್ನ ಬಾಜೂಕ, ನೀವು ಅಡಗಿಮನಿಯಾಗ."

ಗಂಡನ ಮುಖದಲ್ಲಿ ನಿಜವಾದ ಕಾಳಜಿ.

"ಅದು ಬಾಜೂಕ ಇದ್ರ ನಿನಗ ನಿದ್ದಿ ಹೆಂಗ ಹತ್ತೀತ?"