ತಳದವಳು ತುದಿಗೇರಿದ ಸಂಜೆ

ಎಲ್ಲಕ್ಕೂ ಮೂಲ ಒಂದು ಮೊಣಕೈ. ಶಾಲೆಯ ಫುಟ್‌ಬಾಲ್ ಪಂದ್ಯ ರಂಗೇರಿದ್ದಾಗ, ಜನರನ್ನು ಹುರಿದುಂಬಿಸಲು ಮೈದಾನದಂಚಿನಲ್ಲಿ ಕುಣಿಯುತ್ತಿದ್ದ ಚಿಯರ್‌ಲೀಡರ್ ಹುಡುಗಿಯೊಬ್ಬಳ ಮೊಣಕೈ ಬಡಿದು, ಅದೇ ತಂಡದ ಟ್ವೈಲಾಳ ಮೂಗಿನಲ್ಲಿ ರಕ್ತ ಬಂತು.

ಬೇರೆ ದಿನವಾಗಿದ್ದರೆ ಅವಳು ಲೆಕ್ಕಿಸುತ್ತಿರಲಿಲ್ಲ. ಟೆಕ್ಸಾಸ್‌ನ ಆ ಶಾಲೆಯ ಹುಡುಗಿಯರು ಒಬ್ಬರ ಮೇಲೊಬ್ಬರು ನಿಂತು ಕಟ್ಟುವ ಪಿರಮಿಡ್ಡಿನಲ್ಲಿ ಅವಳು ಯಾವಾಗಲೂ ತಳದವಳು. ಹೆಗಲು ಕೊಟ್ಟು ಬೇರೆಯವರನ್ನು ಮೇಲೆತ್ತಿ, ಅವರು ಜಾರಿದಾಗ ಒದೆ ತಿನ್ನುವವಳು. ಆದರೆ ಇವತ್ತು ಮಧ್ಯಾಹ್ನ, ತುದಿಯಲ್ಲಿ ನಿಲ್ಲುವ ಡೆಲ್ಫೀನ್ ಕಾಲು ಉಳುಕಿಸಿಕೊಂಡದ್ದರಿಂದ ಆ ಭಾಗ್ಯ ಇವಳಿಗೆ ಬಂದಿತ್ತು. ಅದೂ ಲಾರಿ ಓಡಿಸುತ್ತ ವರ್ಷವೆಲ್ಲ ಊರೂರು ಸುತ್ತುವ ಅಪ್ಪ ಮೊದಲ ಸಲ ನೋಡಲು ಬಂದಿರುವಾಗ! ಫೋನಿನಲ್ಲಿ ಬರೀ ತಳದ ಕಥೆಯನ್ನೇ ಕೇಳಿದ್ದ ಅವನಿಗೆ, ಬೆರಗಾಗಲಿ ಎಂದು, ಇದನ್ನು ಹೇಳಿರಲಿಲ್ಲ. ಅಪ್ಪ ಒಮ್ಮೆ ತನ್ನನ್ನು ತಲೆಯೆತ್ತಿ ನೋಡಬೇಕು, ಅಷ್ಟೇ ಆಸೆ.

ಗಾಯ ನೋಡಿಕೊಳ್ಳುವ ಮಿಸೆಸ್ ಹಾಲ್ಕಂಬ್ ಮೂಗಿಗೆ ಹತ್ತಿ ತುರುಕಿದರು. ಕಣ್ಣಿಗೆ ಟಾರ್ಚ್ ಬಿಟ್ಟರು, ಒಂಟಿ ಕಾಲಲ್ಲಿ ನಿಲ್ಲಿಸಿದರು. ಎಲ್ಲ ಸರಿಯಿತ್ತು. ಉಳಿದದ್ದು ನೆನಪಿನ ಪರೀಕ್ಷೆ.

“ಈಗ ಸ್ಕೋರ್ ಎಷ್ಟು ಹೇಳಮ್ಮ?”

ಟ್ವೈಲಾ ಕಣ್ಣು ಕಣ್ಣು ಬಿಟ್ಟಳು.

“ಅಯ್ಯೋ, ತಲೆಗೇ ಏಟು ಬಿದ್ದಿದೆ! ಕೂತ್ಕೊ, ಇವತ್ತು ಹತ್ತೋದು ಬೇಡ.”

“ಮೇಡಂ, ನಾವು ಆಟಕ್ಕೆ ಬೆನ್ನು ಹಾಕಿ ಜನರ ಕಡೆ ಕೂಗೋರು. ಸ್ಕೋರ್ ಹೇಗ್ ಗೊತ್ತಾಗತ್ತೆ?”

“ಏಟು ಬಿದ್ದೋರೆಲ್ಲ ಹೀಗೇ ವಾದ ಮಾಡ್ತಾರೆ.”

ತಂಡದ ನಾಯಕಿ ಓರ್ಲಾ ಬಿಡಿಸಲು ಓಡಿ ಬಂದಳು.

“ಹಾಗಾದ್ರೆ ನೀನು ಹೇಳು, ಸ್ಕೋರ್ ಎಷ್ಟು?”

“ಸ್ಕೋರಾ? ಇವತ್ತು ಯಾವ ಸ್ಕೂಲ್ ಜೊತೆ ಮ್ಯಾಚು ಮೇಡಂ?”

ಉಳಿದವರನ್ನೂ ಕೇಳಿದ್ದಾಯಿತು. ಒಬ್ಬಳಿಗೂ ಗೊತ್ತಿಲ್ಲ. ಮಿಸೆಸ್ ಹಾಲ್ಕಂಬ್ ಕೈಮುಗಿದರು. “ನಿಮ್ಮಲ್ಲಿ ತಲೆ ನೆಟ್ಟಗಿರೋಳು ಯಾರೂ ಇಲ್ಲ. ಹೋಗೇ ತಾಯಿ!”

ವಿರಾಮದಲ್ಲಿ ಟ್ವೈಲಾ ತುದಿಗೇರಿದಳು. ಕಾಲು ನಡುಗಿದರೂ ಕೈ ಚಾಚಿ ನಕ್ಕಳು. ದೂರದಲ್ಲಿ ಅಪ್ಪ ಎದ್ದು ನಿಂತು ಫೋನ್ ಹಿಡಿದಿದ್ದ. ಅವಳಿಗೆ ಅಳು ಬಂತು.

ಪಂದ್ಯ ಮುಗಿದೊಡನೆ ಓಡಿದಳು. “ಅಪ್ಪಾ, ನೋಡಿದ್ಯಾ?”

“ನಿನ್ನ ಮೇಲಿಂದ ಕಣ್ಣೇ ಕೀಳಲಿಲ್ಲ ಮಗಳೇ! ಪೂರ್ತಿ ವಿಡಿಯೋ ಮಾಡಿದೀನಿ, ತಗೋ.”

ವಿಡಿಯೋದಲ್ಲಿ ತಳದ ಸಾಲಿನ ಹುಡುಗಿಯೊಬ್ಬಳು ಹಲ್ಲು ಕಚ್ಚಿ ನಿಂತಿದ್ದಳು. ದೂರದಿಂದ ಎಲ್ಲರದೂ ಒಂದೇ ಜಡೆ, ಒಂದೇ ಉಡುಪು. ಅವಳ ಹೆಗಲ ಮೇಲೆ, ಚಿತ್ರದ ಮೇಲಂಚಿನಲ್ಲಿ, ಎರಡು ಬಿಳಿ ಬೂಟುಗಳು ನಡುಗುತ್ತಿದ್ದವು.

ಟ್ವೈಲಾ ವಿಡಿಯೋವನ್ನು ಕೊನೆಯವರೆಗೂ ನೋಡಿದಳು. “ಚೆನ್ನಾಗಿದೆ ಅಪ್ಪ,” ಎಂದಳು.

“ಜನ ಎಲ್ಲ ಮೇಲಿನವಳನ್ನೇ ನೋಡಿ ಚಪ್ಪಾಳೆ ತಟ್ತಿದ್ರು,” ಎಂದ ಅಪ್ಪ ಹೆಮ್ಮೆಯಿಂದ. “ನಾನು ಅವಳ ಕಡೆ ಕಣ್ಣೆತ್ತಿ ಕೂಡ ನೋಡ್ಲಿಲ್ಲ. ನನ್ನ ಮಗಳು ಎಲ್ಲಿರ್ತಾಳೆ ಅಂತ ನಂಗೊತ್ತಿಲ್ವಾ?”